ಬಾಯಲ್ಲಿ ಮರಿ ಹೊರುವ ಮೀನಿನ ದ್ವೀಪಗಳಲ್ಲಿ

ಲುವುಕ್

ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಪೂರ್ವ ಅಂಚಿನಲ್ಲಿರುವ ಲುವುಕ್ ಪಟ್ಟಣಕ್ಕೆ ನಾನು ಮತ್ತು ನನ್ನ ತಮ್ಮ ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಬಂದಿಳಿದೆವು. ಜಕಾರ್ತದಿಂದ ಮಕಾಸ್ಸರ್, ಅಲ್ಲಿಂದ ಲುವುಕ್ ಎಂಬ ವಿಮಾನದ ಹಾದಿಯ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ನಿಲ್ದಾಣದಿಂದ ಊರಿಗೆ ಬರುವ ರಸ್ತೆ ಮಾತ್ರ ಮನಸ್ಸಿನಲ್ಲಿ ನಿಂತಿದೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ನೆಟ್ಟಗೆ ಏರಿದ ಗುಡ್ಡಗಳು, ನಡುವೆ ಉಳಿದಷ್ಟು ಜಾಗದಲ್ಲಿ ತೆಂಗು, ಮಸೀದಿ, ಚರ್ಚು ಮತ್ತು ತಗಡಿನ ಮಾಡಿನ ಮನೆಗಳು. ಅಲ್ಲಿಯ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ, ಸಂಜೆ ಆರು ಗಂಟೆಗೆಲ್ಲ ಕತ್ತಲಾಗುತ್ತದೆ. ಆದ್ದರಿಂದ ನೀರಿಗಿಳಿಯುವ ಕೆಲಸವನ್ನೆಲ್ಲ ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಬೇಕು.

ನಾವು ಬಂದದ್ದು ಒಂದು ಸಣ್ಣ ಮೀನಿಗಾಗಿ. ಬಂಗ್ಗಾಯ್ ಕಾರ್ಡಿನಲ್ ಎಂಬ ಹೆಸರಿನ, ಬಾಲದ ತುದಿಯವರೆಗೆ ಅಳೆದರೂ ಎಂಟು ಸೆಂಟಿಮೀಟರಿನಷ್ಟೇ ಉದ್ದವಿರುವ ಈ ಮೀನು ಜಗತ್ತಿನ ಅಕ್ವೇರಿಯಂ ಅಂಗಡಿಗಳಲ್ಲೆಲ್ಲ ಸಿಗುತ್ತದೆಯಾದರೂ ಅದರ ಸಹಜ ನೆಲೆ ಇರುವುದು ಲುವುಕ್‌ನಿಂದ ಆಚೆಗಿನ ಬಂಗ್ಗಾಯ್ ದ್ವೀಪಸಮೂಹದಲ್ಲಿ ಮಾತ್ರ. ತಮ್ಮ ಬೆಂಗಳೂರಿನ ತನ್ನ ಮನೆಯಲ್ಲಿ ಅನೇಕ ವರ್ಷಗಳಿಂದ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡಿರುವವನು. ಗಾಜಿನ ಹಿಂದೆ ನೋಡಿದ ಮೀನನ್ನು ಅದರ ಊರಿನಲ್ಲಿಯೇ ನೋಡಬೇಕೆಂಬ ಹಟ ಅವನದು. ಆ ಹಟ ನನಗೂ ಅಂಟಿಕೊಂಡಿತ್ತು.

ಸಂಜೆ ಬಂದರಿನ ಕಟ್ಟೆಯ ಮೇಲೆ ನಡೆದಾಡುತ್ತಿದ್ದಾಗ ತಮ್ಮ ಬಗ್ಗಿ ನೋಡಿ, "ಅಕ್ಕ, ಇಲ್ಲೇ ಇದೆಯಲ್ಲ!" ಎಂದು ಕೂಗಿದ. ಕಾಂಕ್ರೀಟ್ ಕಂಬಗಳ ಬುಡದಲ್ಲಿ ಹಳೆಯ ಟೈರು, ಪ್ಲಾಸ್ಟಿಕ್ ಚೀಲಗಳ ನಡುವೆ ಸೀ ಅರ್ಚಿನ್ ಎಂಬ ಕಪ್ಪು ಮುಳ್ಳಿನ ಚೆಂಡಿನಂಥ ಕಡಲಜೀವಿಗಳ ಗುಂಪೊಂದಿತ್ತು, ಅವುಗಳ ಮೇಲೆ ಬೆಳ್ಳಿಯ ಬಣ್ಣದ ಮೀನುಗಳು ಅಲುಗಾಡದೆ ನಿಂತಿದ್ದವು. ಆದರೆ ಇದು ಅವುಗಳ ಊರಲ್ಲ. ದ್ವೀಪಗಳಿಂದ ಹಿಡಿದು ತಂದು ಇಲ್ಲಿಂದ ಹೊರಗೆ ಕಳಿಸುವ ವ್ಯಾಪಾರದ ಹಾದಿಯಲ್ಲಿ ತಪ್ಪಿಸಿಕೊಂಡ ಇಲ್ಲವೇ ಬಿಟ್ಟುಬಿಟ್ಟ ಮೀನುಗಳ ಸಂತತಿ ಇದು. ಸುಲಾವೆಸಿಯ ಉತ್ತರದ ಲೆಂಬೆ ಜಲಸಂಧಿಯಲ್ಲಿ, ಬಾಲಿಯ ಗಿಲಿಮಾನುಕ್ ಕೊಲ್ಲಿಯಲ್ಲಿ ಕೂಡ ಹೀಗೆಯೇ ಮನುಷ್ಯರ ಕೈಯಿಂದ ಹೋಗಿ ನೆಲೆಯೂರಿದ ಗುಂಪುಗಳಿವೆ. ಬಂದರಿನ ಎದುರಿನ ಅಂಗಡಿಯಲ್ಲಿ ಮಿಲು ಸಿರಾಮ್ ಎಂಬ ಬಿಸಿ ಸಾರು ಕುಡಿದೆವು. ಬಿಡಿಸಿದ ಜೋಳದ ಕಾಳು, ಮೀನಿನ ಚೂರು, ಹಸಿಮೆಣಸು ಹಾಕಿ ಮೇಲೆ ನಿಂಬೆಹುಳಿ ಹಿಂಡಿಕೊಡುತ್ತಾರೆ. ಪ್ರಯಾಣದ ಆಯಾಸ ಒಂದೇ ಬಟ್ಟಲಿಗೆ ಇಳಿಯಿತು.

ರಾತ್ರಿಯ ಹಡಗು

ದ್ವೀಪಗಳಿಗೆ ಹೋಗುವ ಮರದ ಹಡಗು ಹೊರಡಬೇಕಾದ ಹೊತ್ತಿಗೆ ಹೊರಡಲಿಲ್ಲ. ಸಿಮೆಂಟ್ ಚೀಲ, ಮೊಟ್ಟೆಯ ಟ್ರೇ, ಎರಡು ಮೋಟಾರ್ ಸೈಕಲ್ಲು, ಒಂದು ಬೀರು, ಹೀಗೆ ಹೇರುವುದು ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಸಾಲಾಗಿ ಹಾಸಿದ ತೆಳು ಹಾಸಿಗೆಗಳಲ್ಲಿ ನಮಗೆ ಸಿಕ್ಕಿದ್ದು ಅಂಚಿನವು. ಟಾರ್ಪಾಲಿನ ತೂತಿನಿಂದ ನೀರು ತೊಟ್ಟಿಕ್ಕಿ ತಮ್ಮನ ದಿಂಬು ಒದ್ದೆಯಾದಾಗ ಪಕ್ಕದ ಹಾಸಿಗೆಯ ಹಿರಿಯ ಹೆಂಗಸು ತನ್ನ ಬುಟ್ಟಿಗಳನ್ನು ಸರಿಸಿ ಜಾಗ ಕೊಟ್ಟರು. ಇಂಥ ಹಡಗಿನಲ್ಲಿ ಹೋಗುವವರು ಬೇಗ ಬಂದು ನಡುವಿನ ಸಾಲು ಹಿಡಿಯುವುದು ಒಳ್ಳೆಯದು.

ಫೋನಿನ ಅನುವಾದದ ಸಹಾಯದಿಂದ ಅವರೊಡನೆ ಬಹಳ ಹೊತ್ತು ಮಾತು ನಡೆಯಿತು. ಮುಂದಿನ ತಿಂಗಳು ಬಂದಿದ್ದರೆ ಮಲಬೋತ್ ತುಂಬೆ ನೋಡಬಹುದಿತ್ತು ಎಂದು ಅವರು ಬಹಳ ಹೇಳಿದರು. ಡಿಸೆಂಬರಿನಲ್ಲಿ ಮುಖ್ಯ ಭೂಮಿಯ ಬಾತುಯಿಯ ಜನರು ಮಾಲಿಯೋ ಹಕ್ಕಿಯ ಮೊಟ್ಟೆಗಳನ್ನು ದೋಣಿಯಲ್ಲಿ ಬಂಗ್ಗಾಯ್ ಅರಮನೆಗೆ ಒಪ್ಪಿಸುವ ಹಬ್ಬ ಅದು. ಮಾಲಿಯೋ ಎಂಬುದು ಸುಲಾವೆಸಿಯ ಹಕ್ಕಿ. ಕೋಳಿಮೊಟ್ಟೆಗಿಂತ ಸುಮಾರು ಐದು ಪಟ್ಟು ದೊಡ್ಡದಾದ ಮೊಟ್ಟೆಯನ್ನು ಬಿಸಿ ಮರಳಿನಲ್ಲಿ ಹೂತಿಟ್ಟು ಹೊರಟುಹೋಗುತ್ತದೆ. ಮರಿ ತಾನೇ ಮರಳು ತೋಡಿಕೊಂಡು ಮೇಲೆ ಬಂದು ಹಾರಲು ತೊಡಗುತ್ತದೆ, ತಾಯಿತಂದೆಯರ ಮುಖವನ್ನೇ ನೋಡುವುದಿಲ್ಲ. ನಾವು ಹುಡುಕಿ ಹೊರಟ ಮೀನಿನ ತಂದೆಯಾದರೋ ಮೊಟ್ಟೆಮರಿಗಳನ್ನು ವಾರಗಟ್ಟಲೆ ಬಾಯಿಂದ ಇಳಿಸುವುದೇ ಇಲ್ಲ. ಒಂದೇ ಕಡಲ ಅಂಚಿನಲ್ಲಿ ಸಂತಾನವನ್ನು ಉಳಿಸಿಕೊಳ್ಳುವ ಇಷ್ಟು ಬೇರೆಯಾದ ಎರಡು ದಾರಿಗಳು ಇರುವುದನ್ನು ಯೋಚಿಸುತ್ತ ನಿದ್ದೆ ಹೋದೆ.

ಬಂಗ್ಗಾಯ್ ದ್ವೀಪ

ಬೆಳಕು ಹರಿಯುವ ಹೊತ್ತಿಗೆ ಬಂಗ್ಗಾಯ್ ಪಟ್ಟಣದ ಕಟ್ಟೆಗೆ ಹಡಗು ತಾಗಿತು. ಕಟ್ಟೆಯ ಬಳಿಯಲ್ಲೇ ಬಾಳೆಹಣ್ಣನ್ನು ಹೆಚ್ಚಿ ಕರಿದು ಖಾರದ ಸಂಬಲ್ ಜೊತೆ ಕೊಡುತ್ತಿದ್ದರು. ಸಿಹಿಗೆ ಖಾರ ಹಚ್ಚಿ ತಿನ್ನುವುದು ನನಗೆ ಮೊದಲ ತುತ್ತಿಗೇ ಒಪ್ಪಿಗೆಯಾಯಿತು. ಬಾಡಿಗೆಗೆ ಹಿಡಿದ ಬೈಕುಗಳಲ್ಲಿ ದ್ವೀಪದ ಉತ್ತರಕ್ಕಿರುವ ಬೋನೆ ಬಾರು ಹಳ್ಳಿಯತ್ತ ಹೊರಟೆವು. ರಸ್ತೆಯ ಪಕ್ಕ ಉದ್ದಕ್ಕೂ ಚಾಪೆಗಳ ಮೇಲೆ ಲವಂಗ ಒಣಗಲು ಹಾಕಿದ್ದರು. ರಾತ್ರಿಯ ಮಳೆಗೆ ಎತ್ತಿಟ್ಟದ್ದನ್ನು ಮತ್ತೆ ಹರಡುತ್ತಿದ್ದ ಮಕ್ಕಳು ನಮ್ಮತ್ತ ಕೈ ಬೀಸಿದರು. ಆ ಪರಿಮಳ ಕಿಲೋಮೀಟರುಗಟ್ಟಲೆ ನಮ್ಮ ಜೊತೆಗೇ ಬಂದಿತು.

ಈ ಮೀನನ್ನು ನೋಡಲು ಸ್ಕೂಬಾ ಕಲಿಯಬೇಕಾಗಿಲ್ಲ. ಅದು ಹೆಚ್ಚಾಗಿ ಇರುವುದು ಆಳು ಮುಳುಗುವಷ್ಟು ಇಲ್ಲವೇ ಅದಕ್ಕೂ ಕಡಿಮೆ ಆಳದ, ಅಲೆ ಬಡಿಯದ ಕೊಲ್ಲಿಗಳಲ್ಲಿ. ಮಾಸ್ಕು, ಸ್ನಾರ್ಕೆಲ್, ದಪ್ಪ ಅಟ್ಟೆಯ ಬೂಟು ಇದ್ದರೆ ಸಾಕು. ದೋಣಿಯ ಯುವಕ ಕಡಲಹುಲ್ಲು ಮುಗಿದು ಹವಳ ತೊಡಗುವಲ್ಲಿ ನಮ್ಮನ್ನು ಇಳಿಸಿದ. ಮುಖ ನೀರಿಗಿಟ್ಟ ಕೂಡಲೆ ಕಂಡದ್ದು ಮೀನಲ್ಲ, ಅದರ ಮನೆ: ಗೇಣುದ್ದಕ್ಕಿಂತಲೂ ಹೆಚ್ಚಿನ ಕಪ್ಪು ಮುಳ್ಳುಗಳ ಡಯಾಡೆಮಾ ಅರ್ಚಿನ್‌ಗಳು ಹತ್ತಿಪ್ಪತ್ತರ ಗುಂಪಾಗಿ ಒತ್ತೊತ್ತಿಗೆ ಕುಳಿತಿದ್ದವು. ಪ್ರತಿಯೊಂದರ ನೆತ್ತಿಯಲ್ಲಿ ಕಿತ್ತಳೆ ಬಣ್ಣದ ಒಂದು ಉಂಗುರ, ಅದರ ಸುತ್ತ ಬಿಳಿಯ ಐದು ಚುಕ್ಕಿ. ನನ್ನ ಕೈಯ ನೆರಳು ಬಿದ್ದೊಡನೆ ಮುಳ್ಳುಗಳೆಲ್ಲ ಆ ಕಡೆಗೆ ತಿರುಗಿದವು. ಅದೇ ಕ್ಷಣ, ಅಲ್ಲಿ ಇಲ್ಲವೆಂದೇ ಅನಿಸಿದ್ದ ಇಪ್ಪತ್ತಕ್ಕೂ ಹೆಚ್ಚು ಮೀನುಗಳು ಒಟ್ಟಿಗೆ ಮುಳ್ಳುಗಳ ಒಳಗೆ ಇಳಿದವು.

ಬೆಳ್ಳಿಯ ಮೈಗೆ ಅಡ್ಡಲಾಗಿ ಮೂರು ಕಪ್ಪು ಪಟ್ಟಿಗಳು. ಮೊದಲನೆಯದು ಕಣ್ಣಿನ ಮೇಲೆಯೇ ಹಾದುಹೋಗುವುದರಿಂದ ಕಣ್ಣು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಬೆನ್ನಿನ ಮತ್ತು ಹೊಟ್ಟೆಯ ಕೆಳಗಿನ ರೆಕ್ಕೆಗಳು ಉದ್ದಕ್ಕೆ ಎಳೆದುಕೊಂಡಿವೆ, ಬಾಲ ಆಳವಾಗಿ ಕವಲೊಡೆದಿದೆ, ಕಪ್ಪು ರೆಕ್ಕೆಗಳ ಮೇಲೆಲ್ಲ ಬಿಳಿಯ ಚುಕ್ಕಿಗಳು. ಅಂಗಡಿಯ ಬರಿಯ ಗಾಜಿನ ತೊಟ್ಟಿಯಲ್ಲಿ ಇದೆಲ್ಲ ಅಲಂಕಾರವೆಂದು ತೋರುತ್ತದೆ. ಮುಳ್ಳುಗಳ ನಡುವೆ ನಿಂತಾಗ ಪ್ರತಿಯೊಂದು ಗೆರೆಗೂ ಕೆಲಸವಿರುವುದು ಗೊತ್ತಾಗುತ್ತದೆ: ಕಪ್ಪು ಪಟ್ಟಿ ಮುಳ್ಳಾಗುತ್ತದೆ, ಬೆಳ್ಳಿಯ ಮೈ ಮುಳ್ಳುಗಳ ನಡುವಿನ ನೀರಿನ ಬೆಳಕಾಗುತ್ತದೆ. ಹಗಲೆಲ್ಲ ಹೀಗೆ ಮನೆಯ ಮೇಲೆಯೇ ನಿಂತು, ತೇಲಿ ಬರುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುತ್ತವೆ.

ಸ್ವಲ್ಪ ಹೊತ್ತು ಅಲುಗಾಡದೆ ತೇಲಿದರೆ ಮೀನುಗಳು ಮತ್ತೆ ಮೇಲೆ ಬರುತ್ತವೆ. ಹಾಗೆ ಬಂದವುಗಳಲ್ಲಿ ಒಂದು ಮಾತ್ರ ಏನನ್ನೂ ತಿನ್ನುತ್ತಿರಲಿಲ್ಲ. ಅದರ ಗಲ್ಲದ ಕೆಳಗೆ ಊದಿಕೊಂಡಿತ್ತು, ಕವಳ ತುಂಬಿಕೊಂಡ ಅಜ್ಜನ ಬಾಯಿಯ ಹಾಗೆ. ಅದು ಮೊಟ್ಟೆ ಹೊತ್ತ ಗಂಡು. ಹೆಣ್ಣು ಮೊಟ್ಟೆಗಳನ್ನು ಹೊರಹಾಕಿದೊಡನೆ ಗಂಡು ಆ ಇಡೀ ಮುದ್ದೆಯನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ಮೂರು ಮಿಲಿಮೀಟರಿನ ಹತ್ತಿರದ ಗಾತ್ರದ ಸುಮಾರು 40ರಿಂದ 70 ಮೊಟ್ಟೆಗಳು, ಅಷ್ಟೆ. ಮೊಟ್ಟೆಯೊಡೆಯಲು ಸುಮಾರು ಇಪ್ಪತ್ತು ದಿನ, ಒಡೆದ ಮೇಲೆ ಮರಿಗಳು ಅಲ್ಲಿಯೇ ಇನ್ನೂ ಹತ್ತು ದಿನ. ಅಷ್ಟೂ ಕಾಲ ತಂದೆಗೆ ಉಪವಾಸ. ನಾನು ನೋಡುತ್ತಿದ್ದ ಗಂಡು ಆಗಾಗ ಬಾಯಿಯನ್ನು ಅಗಲಿಸಿ ಮೊಟ್ಟೆಗಳನ್ನು ಒಮ್ಮೆ ಹೊರಳಿಸಿ ಮುಚ್ಚಿಕೊಳ್ಳುತ್ತಿತ್ತು. ಆ ಕ್ಷಣ ತುಟಿಯ ನಡುವೆ ಕಿತ್ತಳೆ ಬಣ್ಣದ ಗುಂಡುಗಳು ಕಂಡು ಮರೆಯಾಗುತ್ತಿದ್ದವು. ತಮ್ಮ ಕೈಸನ್ನೆ ಮಾಡಿ ಕರೆಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ದಡದಲ್ಲಿ ಎಳನೀರು ಕುಡಿಯುತ್ತ ಈ ಮೀನಿನ ಚರಿತ್ರೆ ಮಾತಿಗೆ ಬಂತು. ಸ್ವೀಡನ್ನಿನ ವಾಲ್ಟರ್ ಕೌಡರ್ನ್ ಎಂಬ ಸಂಶೋಧಕ 1920ರಲ್ಲಿ ಇಲ್ಲಿಂದ ಮಾದರಿಗಳನ್ನು ಒಯ್ದ. 1933ರಲ್ಲಿ ಹಾಲೆಂಡಿನ ಮೀನುವಿಜ್ಞಾನಿ ಕೌಮನ್ಸ್ ಅದಕ್ಕೆ ಟೆರಪೋಗಾನ್ ಕೌಡರ್ನಿ ಎಂದು ಹೆಸರಿಟ್ಟ. ಅನಂತರ ಅರವತ್ತು ವರ್ಷಗಳಷ್ಟು ಕಾಲ ವಿಜ್ಞಾನ ಅದನ್ನು ಮರೆತೇಬಿಟ್ಟಿತ್ತು. 1990ರ ದಶಕದ ನಡುವೆ ಜೆರಾಲ್ಡ್ ಅಲೆನ್ ಮತ್ತು ರೋಜರ್ ಸ್ಟೀನ್ ಇಲ್ಲಿಗೆ ಬಂದು ಅದರ ಜೀವನಕ್ರಮವನ್ನು ಬರೆದು ಪ್ರಕಟಿಸಿದರು. ಮರೆತಿದ್ದ ಕಾಲವೇ ಮೀನಿಗೆ ಕ್ಷೇಮದ ಕಾಲವಾಗಿತ್ತು. ಮೀನು ಮತ್ತೆ ಬೆಳಕಿಗೆ ಬಂದ ಕೆಲವೇ ವರ್ಷಗಳಲ್ಲಿ, 2000ದ ಆಸುಪಾಸಿನಲ್ಲಿ, ವರ್ಷಕ್ಕೆ ಆರೇಳು ಲಕ್ಷ ಮೀನುಗಳು ಈ ದ್ವೀಪಗಳಿಂದ ಹೊರಗೆ ಹೋಗುತ್ತಿದ್ದವು.

ಮಳೆ ನಿಲ್ಲದ ದಿನ

ಮರುದಿನ ಬೆಳಗಿನಿಂದಲೇ ಮಳೆ. ನೀರು ಕಲಕಿ ಏನೂ ಕಾಣುವಂತಿರಲಿಲ್ಲ. ನಾವು ಉಳಿದುಕೊಂಡಿದ್ದ ಮನೆಯ ಯಜಮಾನರ ನೆರೆಯವರು ಹಿಂದೆ ಈ ಮೀನನ್ನು ಹಿಡಿದು ಮಾರುತ್ತಿದ್ದವರು, ಈಗಲೂ ಅವಕಾಶವಿದ್ದಾಗ ಹಿಡಿಯುವವರು. ಅವರ ಹೆಂಡತಿ ಶುಂಠಿ ಮತ್ತು ತೆಂಗಿನ ಹಾಲು ಹಾಕಿ ಕಾಯಿಸಿದ ಸರಬಾ ತಂದಿಟ್ಟರು. ಹಿಡಿಯುವ ಬಲೆ ನೋಡಬಹುದೇ ಎಂದು ತಮ್ಮ ಕೇಳಿದ. ಅವರು ಮಾಡಿನ ಕೆಳಗೆ ಸುರುಳಿ ಸುತ್ತಿ ಕಟ್ಟಿಟ್ಟಿದ್ದ ಸಣ್ಣ ಕಣ್ಣಿನ ಬಲೆಯನ್ನು ಬೆರಳು ತೋರಿಸಿ, "ಇದು ಮುಚ್ಚಿದ ತಿಂಗಳು. ಬಲೆ ಕೆಳಗಿಳಿಯುವುದಿಲ್ಲ" ಎಂದರು.

ಇಂಡೋನೇಷ್ಯಾ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಫೆಬ್ರುವರಿ, ಮಾರ್ಚ್, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಇಲ್ಲಿ ಈ ಮೀನನ್ನು ಹಿಡಿಯುವಂತಿಲ್ಲ. ಅವು ಮೀನು ಹೆಚ್ಚಾಗಿ ಮೊಟ್ಟೆ ಹೊರುವ ತಿಂಗಳುಗಳು. 2007ರಲ್ಲಿ ಅಪಾಯದಲ್ಲಿರುವ ಜೀವಿಗಳನ್ನು ದಾಖಲಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿ ಇದನ್ನು ಅಳಿವಿನಂಚಿನ ಜೀವಿ ಎಂದು ಗುರುತಿಸಿತು. ಆದರೆ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿಸುವ ಪ್ರಸ್ತಾವ ಅದೇ ವರ್ಷ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಬಂದು ಎರಡು ಸಲವೂ ಹಿಂದೆ ಹೋಯಿತು. ಹಾಗಾಗಿ ಮುಚ್ಚಿದ ತಿಂಗಳುಗಳನ್ನು ಕಾಯುವುದು ಕೊನೆಗೆ ಈ ಮಾಡಿನ ಕೆಳಗಿನ ಜನರ ಕೈಯಲ್ಲಿಯೇ ಇದೆ. ಮೀನಿಗೆ ಏನು ಬೆಲೆ ಸಿಗುತ್ತದೆ ಎಂಬ ಪ್ರಶ್ನೆಗೆ ಅವರು ನಕ್ಕು, ಕೈಯಲ್ಲಿದ್ದ ಲೋಟ ತೋರಿಸಿ, ಇಂಥ ಒಂದು ಲೋಟ ಸರಬಾಕ್ಕೆ ಅಂಗಡಿಯಲ್ಲಿ ಕೊಡುವ ಹಣವೂ ಒಂದು ಮೀನಿಗೆ ಸಿಗದ ಕಾಲವಿತ್ತು ಎಂದರು. ಈಗ ಥಾಯ್ಲೆಂಡಿನಂಥ ಕಡೆ ತೊಟ್ಟಿಯಲ್ಲಿಯೇ ಮರಿ ಮಾಡಿಸಿ ಮಾರುತ್ತಾರೆ ಎಂದು ತಮ್ಮ ಹೇಳಿದಾಗ ಅವರ ಮುಖ ಸ್ವಲ್ಪ ಬಾಡಿತು. ಅಲ್ಲಿ ಬೆಳೆದ ಮೀನು ಇಲ್ಲಿಯ ಮೀನಿಗೆ ಒಳ್ಳೆಯದು. ಇಲ್ಲಿಯ ಮನೆಗೆ ಅದರಿಂದ ಬರುವುದೇನೂ ಇಲ್ಲ. ಈ ಎರಡೂ ಮಾತು ನಿಜವೆಂಬುದನ್ನು ಮೀನಿನ ಪರವಾಗಿ ಮಾತನಾಡುವ ನಾವು ಯಾರೂ ಮರೆಯಬಾರದೆಂದು ನನಗೆ ಅಲ್ಲಿ ಬಲವಾಗಿ ಅನ್ನಿಸಿತು.

ದಕ್ಷಿಣದ ಕೊಲ್ಲಿಗಳು

ಮಳೆ ಬಿಟ್ಟ ಬೆಳಿಗ್ಗೆ ದೋಣಿ ಮಾಡಿಕೊಂಡು ದಕ್ಷಿಣದ ಸಣ್ಣ ದ್ವೀಪಗಳತ್ತ ಹೋದೆವು. ಜೂನ್‌ನಿಂದ ಆಗಸ್ಟ್‌ವರೆಗಿನ ಆಗ್ನೇಯದ ಗಾಳಿಯಲ್ಲಿ ಈ ಕಡೆಗೆ ಬರುವುದು ಕಷ್ಟವೆಂದು ದೋಣಿಯ ಯುವಕ ಹೇಳಿದ. ನಮಗೆ ಸಿಕ್ಕಿದ್ದು ಎಣ್ಣೆ ಸುರಿದಂಥ ಕಡಲು. ಎರಡು ಕೊಲ್ಲಿಗಳಲ್ಲಿ ಮೀನು ಧಾರಾಳವಾಗಿದ್ದವು. ಒಂದರಲ್ಲಿ ಅನಿಮೋನ್ ಎಂಬ ಹೂವಿನಂಥ ಕಡಲಜೀವಿಯ ಮೆತ್ತನೆಯ ಬೆರಳುಗಳ ನಡುವೆ ಒಂದು ಸೆಂಟಿಮೀಟರೂ ಇಲ್ಲದ ಮರಿಗಳಿದ್ದವು, ದೊಡ್ಡವುಗಳ ಅದೇ ಮೂರು ಪಟ್ಟಿ, ಅದೇ ಚುಕ್ಕಿಗಳನ್ನು ಹೊತ್ತುಕೊಂಡು. ಬಾಯಿಂದ ಹೊರಬಿದ್ದ ಮರಿಗಳು ತಕ್ಷಣ ಅರ್ಚಿನ್ ಇಲ್ಲವೇ ಅನಿಮೋನ್ ಸೇರದಿದ್ದರೆ ಸುತ್ತಲಿನ ಮೀನುಗಳಿಗೆ, ಎಷ್ಟೋ ಸಲ ತಮ್ಮದೇ ಜಾತಿಯ ದೊಡ್ಡ ಮೀನುಗಳಿಗೆ, ಆಹಾರವಾಗುತ್ತವೆ. ಮೂವತ್ತು ದಿನ ಹಸಿದು ಕಾದ ತಂದೆಯ ರಕ್ಷಣೆ ಮುಗಿಯುವುದು ಒಂದು ಕ್ಷಣದಲ್ಲಿ. ಅನಂತರ ಮನೆಯಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೂರನೆಯ ಕೊಲ್ಲಿ ನೋಡಲು ಹಾಗೆಯೇ ಇತ್ತು. ಅದೇ ಕಡಲಹುಲ್ಲು, ಅದೇ ಮರಳು, ಅಷ್ಟೇ ಶಾಂತವಾದ ನೀರು. ಆದರೆ ಅರ್ಚಿನ್ ಅಲ್ಲೊಂದು ಇಲ್ಲೊಂದು, ಮೀನು ಒಂದೂ ಇಲ್ಲ. ಇಲ್ಲಿಯ ಜನ ಅರ್ಚಿನ್ ಒಡೆದು ತಿನ್ನುತ್ತಾರೆ, ಪಂಜರದಲ್ಲಿ ಸಾಕುವ ಮೀನುಗಳಿಗೂ ಹಾಕುತ್ತಾರೆ ಎಂದು ಯುವಕ ವಿವರಿಸಿದ. ಸುಲಾವೆಸಿಯ ಪಾಲು ನಗರದ ತಡುಲಾಕೊ ವಿಶ್ವವಿದ್ಯಾಲಯದ ಸಂಶೋಧಕಿ ಸಮ್ಲಿಯೋಕ್ ಎನ್‌ದೋಬೆ ಮತ್ತು ಅವರ ಜೊತೆ ಕೆಲಸ ಮಾಡುವ ಅಬಿಗೇಲ್ ಮೂರ್ ವರ್ಷಗಳಿಂದ ಬರೆಯುತ್ತ ಬಂದಿರುವುದು ಇದನ್ನೇ: ಮೀನನ್ನು ಹಿಡಿಯದಿದ್ದರೂ ಮನೆಯನ್ನು ಒಯ್ದರೆ ಮೀನು ಹೋಗುತ್ತದೆ.

ಪಕ್ಕದ ಕೊಲ್ಲಿಯಿಂದ ಮೀನು ಇಲ್ಲಿಗೆ ಬಂದು ಮತ್ತೆ ತುಂಬಿಕೊಳ್ಳಲಾರದೇ ಎಂದು ಯಾರಿಗಾದರೂ ಅನಿಸಬಹುದು. ಹವಳದ ಬಹುಪಾಲು ಮೀನುಗಳಿಗೆ ಅದು ಸಾಧ್ಯ. ಅವುಗಳ ಎಳೆಯ ಮರಿಗಳು ದಿನಗಟ್ಟಲೆ, ವಾರಗಟ್ಟಲೆ ಪ್ರವಾಹದಲ್ಲಿ ತೇಲಿ ಹೊಸ ಜಾಗ ಸೇರುತ್ತವೆ. ಈ ಮೀನಿಗೆ ತೇಲುವ ಬಾಲ್ಯವೇ ಇಲ್ಲ. ತಂದೆಯ ಬಾಯಿಂದ ಇಳಿದ ಜಾಗದಲ್ಲಿಯೇ ಹುಟ್ಟು, ಮದುವೆ, ಸಾವು. ನಡುವಿನ ಆಳವಾದ ನೀರನ್ನು ದಾಟುವ ಧೈರ್ಯವೂ ಇಲ್ಲ, ಅಭ್ಯಾಸವೂ ಇಲ್ಲ. ಕೇವಲ ಕೆಲವು ಕಿಲೋಮೀಟರ್ ಅಂತರದ ಗುಂಪುಗಳ ನಡುವೆಯೂ ವಂಶವಾಹಿಗಳು ಸ್ಪಷ್ಟವಾಗಿ ಬೇರೆಯಾಗಿರುವುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಕಡಲ ಮೀನುಗಳಲ್ಲಿ ಇದು ಬಹಳ ಅಪರೂಪ. ಅಂದರೆ ಬಂಗ್ಗಾಯ್ ಕಾರ್ಡಿನಲ್ ಎಂಬುದು ಒಂದು ಮೀನು ಎಂದು ಎಣಿಸಿದರೆ ಸಾಲದು, ಕೊಲ್ಲಿ ಕೊಲ್ಲಿಗೂ ಅದರದೇ ಆದ ಒಂದು ವಂಶವಿದೆ. ದ್ವೀಪಸಮೂಹ 5,500 ಚದರ ಕಿಲೋಮೀಟರಿನಷ್ಟು ಹರಡಿದ್ದರೂ ಮೀನಿಗೆ ಒಗ್ಗುವ ನೀರನ್ನೆಲ್ಲ ಒಟ್ಟುಗೂಡಿಸಿದರೆ 30 ಚದರ ಕಿಲೋಮೀಟರಿನ ಆಸುಪಾಸು ಮಾತ್ರ.

ತಂದೆಯೇ ಬಾಯಿಯಲ್ಲಿ ಮೊಟ್ಟೆ ಹೊರುವ ಮೀನು ನಮ್ಮ ಕರಾವಳಿಗೆ ಹೊಸದೇನಲ್ಲ. ಮಂಗಳೂರು ಕಡೆಯಲ್ಲಿ ತೇಡೆ ಎನ್ನುವ ಕಡಲ ಬೆಕ್ಕುಮೀನಿನ ಗಂಡೂ ಹೀಗೆಯೇ ಗೋಲಿಯ ಗಾತ್ರದ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ. 1970ರ ದಶಕದ ಕೊನೆಯಲ್ಲಿ ದಡದಿಂದ ಎಳೆಯುವ ರಂಪಣಿ ಬಲೆಯ ಕಾಲ ಮುಗಿದು, ಇಡೀ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗಳು ಬಂದಾಗ, ಮೊಟ್ಟೆ ಹೊತ್ತ ತೇಡೆಗಳು ಹಿಂಡುಹಿಂಡಾಗಿ ಸಿಕ್ಕಿ, ಅವುಗಳ ಬಾಯಿಂದ ಚೆಲ್ಲಿದ ಮೊಟ್ಟೆಗಳೂ ರಾಶಿಯಾಗಿ ನಾಶವಾದವು. ಕೆಲವೇ ವರ್ಷಗಳಲ್ಲಿ ಆ ಮೀನುಗಾರಿಕೆಯೇ ಕುಸಿಯಿತು. ಲಕ್ಷಗಟ್ಟಲೆ ಮೊಟ್ಟೆ ಚೆಲ್ಲುವ ಬೂತಾಯಿ ಬಂಗುಡೆಗಳ ಲೆಕ್ಕ ಬಾಯಲ್ಲಿ ಮರಿ ಹೊರುವ ಮೀನಿಗೆ ನಡೆಯುವುದಿಲ್ಲ.

ಅಲ್ಲಿಂದ ಹೊರಡುವಾಗ ದೋಣಿ ಹತ್ತುತ್ತಿದ್ದ ತಮ್ಮನನ್ನು ಒಂದು ಅಲೆ ಪಕ್ಕಕ್ಕೆ ತಳ್ಳಿತು. ಅರ್ಚಿನ್ನಿನ ಮುಳ್ಳು ಬೂಟಿನ ಮೇಲ್ಭಾಗದ ಬಟ್ಟೆಯನ್ನು ಹಾದು ಹಿಮ್ಮಡಿಯ ಮೇಲೆ ಮುರಿದು ನಿಂತಿತು. ನಾನು ಕಿತ್ತು ತೆಗೆಯಲು ಹೋದರೆ ಯುವಕ ಬಿಡಲಿಲ್ಲ. ಮುಳ್ಳು ಸುಣ್ಣದಂಥ ಪದಾರ್ಥ, ಎಳೆದರೆ ಇನ್ನೂ ಚೂರಾಗುತ್ತದೆ. ಅವನು ನಿಂಬೆಹುಳಿ ಹಿಂಡಿ, ಒಂದು ನುಣುಪು ಕಲ್ಲಿನಿಂದ ಅದರ ಮೇಲೆ ಮೆತ್ತಗೆ ಬಡಿಯುತ್ತ ಒಳಗಿನ ಮುಳ್ಳನ್ನು ಪುಡಿ ಮಾಡಿದ. "ಅಕ್ಕ, ಉರಿಯುತ್ತಿದೆ, ಆದರೆ ತಡೆದುಕೊಳ್ಳಬಹುದು" ಎಂದ ತಮ್ಮ. ಚರ್ಮದ ಕೆಳಗಿನ ಕಪ್ಪು ಚುಕ್ಕಿಗಳು ಊರಿಗೆ ಹೊರಡುವ ಹೊತ್ತಿಗೆ ಬಹುಮಟ್ಟಿಗೆ ಮಾಯವಾಗಿದ್ದವು. ದೋಣಿಯಲ್ಲಿ ಒಂದೆರಡು ನಿಂಬೆಹಣ್ಣು ಇರುವುದು ಲೇಸು.

ಪೆಲೆಂಗ್

ಹಿಂತಿರುಗುವ ದಾರಿಯಲ್ಲಿ ದೊಡ್ಡ ದ್ವೀಪವಾದ ಪೆಲೆಂಗ್‌ಗೆ ಬಂದೆವು. ಲುಕ್ ಪನೆಂತೆಂಗ್ ಹಳ್ಳಿಯ ಪಾಯಿಸು ಪೋಕ್ ಕೆರೆಯ ನೀಲಿ ನೀರಿನಲ್ಲಿ ತಳಕ್ಕೆ ಬಿದ್ದ ಮರದ ಕೊಂಬೆಗಳೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಅಲ್ಲಿಗೆ ಜನ ಬಹಳ ಬರುತ್ತಾರೆ, ಬೆಳಿಗ್ಗೆ ಬೇಗ ಹೋಗಬೇಕು. ಊಟಕ್ಕೆ ಈ ದ್ವೀಪಗಳ ಹೆಸರುವಾಸಿ ಹೆಗ್ಗೆಣಸನ್ನು ಬೇಯಿಸಿ ಸುಟ್ಟ ಮೀನಿನ ಜೊತೆ ಬಡಿಸಿದರು. ಹಸಿ ಟೊಮೆಟೊ, ಈರುಳ್ಳಿ, ಮೆಣಸು ಹೆಚ್ಚಿ ಹಾಕಿದ ದಾಬು-ದಾಬು ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಸಂಜೆ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ, ಕಡಲನ್ನೇ ನಂಬಿ ಬದುಕುವ ಬಜಾವ್ ಜನರ ಸಣ್ಣ ಕೇರಿಗೆ ಹೋದೆವು. ಮನೆಗಳ ಕೆಳಗೆಯೇ ಅರ್ಚಿನ್‌ಗಳು, ಅವುಗಳೊಳಗೆ ಮೀನು. ಹಲಗೆಯ ದಾರಿಯಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರನ್ನು ತಮ್ಮ, "ಯಜಮಾನರೇ, ಡಿಸೆಂಬರಿನಲ್ಲಿ ಹಿಡಿಯುತ್ತೀರಾ?" ಎಂದು ಕೇಳಿದ. ಹಿಡಿಯುತ್ತೇವೆ ಎಂದರು ಅವರು. ಯಾವ ಕೊಲ್ಲಿಯಲ್ಲಿ ಎಂಬುದನ್ನು ಕೇರಿಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳುತ್ತಾರಂತೆ. ಗಲ್ಲ ಊದಿದವುಗಳನ್ನು ಬಲೆಯಿಂದ ಅಲ್ಲಿಯೇ ಬಿಡುತ್ತಾರೆ, ಬೇರೆ ಕೊಲ್ಲಿಗೆ ಒಯ್ದು ಬಿಡುವುದಿಲ್ಲ. ತಾವು ಹುಡುಗರಾಗಿದ್ದಾಗ ಮೀನು ತುಂಬಿದ್ದ, ಈಗ ತೆಳುವಾಗಿರುವ ಪೂರ್ವದ ಕೊಲ್ಲಿಯನ್ನು ಈ ಸಲವೂ ಮುಟ್ಟುವುದು ಬೇಡವೆಂದು ತಾವು ಹೇಳುವುದಾಗಿಯೂ, ಕಿರಿಯರು ಒಪ್ಪುತ್ತಾರೋ ನೋಡಬೇಕೆಂದೂ ಹೇಳಿ ಅವರು ಮತ್ತೆ ಬಲೆಗೆ ಕೈ ಹಾಕಿದರು.